ಪುಣೆಯ ಅಂಜೂರ ಮತ್ತು ತುಕ್ಕು ರೋಗ

ಅಂಜೂರದ ತುಕ್ಕು ರೋಗ ಮೊದಲು ಕಾಣಿಸಿಕೊಳ್ಳುವುದು ಎಲೆಯ ಕೆಳಮೈಯಲ್ಲಿ. ಅಲ್ಲಿ ಕಂದು ಬಣ್ಣದ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ. ಬೆರಳಿಟ್ಟರೆ ತುಕ್ಕಿನಂಥ ಪುಡಿ ಅಂಟುತ್ತದೆ. ಆ ಪುಡಿಯೇ ಸೆರೊಟೀಲಿಯಂ ಫಿಸಿ ಎಂಬ ಶಿಲೀಂಧ್ರದ ಬೀಜಕಣ. ಅದು ಗಾಳಿಯಲ್ಲಿ ಹಾರಿ ಹಸಿ ಎಲೆಯ ಮೇಲೆ ಕೂತು ಮೊಳೆಯುತ್ತದೆ. ರೋಗ ಬಲಿತಾಗ ಎಲೆ ಹಳದಿಯಾಗಿ ಅವಧಿಗೆ ಮುಂಚೆಯೇ ಉದುರುತ್ತದೆ. ಬೋಳಾದ ಗಿಡದಲ್ಲಿ ಉಳಿದ ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಪುಣೆ ಸುತ್ತಿನ ಅಂಜೂರದ ಇತಿಹಾಸದಲ್ಲಿ ಈ ರೋಗಕ್ಕೆ ದೊಡ್ಡ ಪಾಲಿದೆ.

ಪುಣೆಯ ಅಂಜೂರವೆಂದರೆ ಮುಖ್ಯವಾಗಿ ಪುರಂದರ ತಾಲ್ಲೂಕಿನ ಅಂಜೂರ. ಸಾಸವಡ, ದಿವೆ ಕಡೆಯ ಗುಡ್ಡಗಾಡು ಭೂಮಿ, ಬಾವಿಯ ನೀರು, ಕಡಿಮೆ ಮಳೆ ಈ ಗಿಡಕ್ಕೆ ಒಗ್ಗಿದವು. ಇಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಫಸಲು ಗುರುತಿಸುತ್ತಾರೆ. ಮಳೆಗಾಲದ ಚಿಗುರಿನಿಂದ ಬರುವುದು ಖಟ್ಟಾ ಬಹಾರ್, ಬೇಸಿಗೆಗೆ ಮಾಗುವುದು ಮೀಠಾ ಬಹಾರ್. ಮೊದಲನೆಯದು ಹುಳಿ, ಎರಡನೆಯದು ಸಿಹಿ. ಮಳೆ ನಿಲ್ಲುವ ಹೊತ್ತಿಗೆ ಮಣ್ಣು ಅಗೆದು, ಗಿಡವನ್ನು ಹದವಾಗಿ ಸವರಿ, ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಹೊಸ ಚಿಗುರು ಒಣ ಹವೆಗೆ ಸಿಗುತ್ತದೆ. ಬಹಾರ್ ಪದ್ಧತಿಯ ಉದ್ದೇಶ ಸಿಹಿ ಹಣ್ಣು ಎಂದೇ ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ರೋಗದ ದೃಷ್ಟಿಯಿಂದ ನೋಡಿದರೆ ಅದರ ಇನ್ನೊಂದು ಗುಣ ಎದ್ದು ಕಾಣುತ್ತದೆ: ತೇವದ ದಿನಗಳಲ್ಲಿ ತುಕ್ಕು ಹತ್ತಿದ ಹಳೆಯ ಎಲೆ ಹೋಗಿ, ತೇವವಿಲ್ಲದ ದಿನಗಳಲ್ಲಿ ಹೊಸ ಎಲೆ ಬರುತ್ತದೆ. ಔಷಧಿಯ ಹೆಸರೇ ಇಲ್ಲದ ಕಾಲದಲ್ಲಿ ಬೇಸಿಗೆಯ ಬೆಳೆಯನ್ನು ಕಾಪಾಡಿದ್ದು ಈ ಸರದಿಯೇ ಎನ್ನಬೇಕು.

ಔಷಧಿ ಬಂದದ್ದು ಯುರೋಪಿನ ದ್ರಾಕ್ಷಿ ತೋಟಗಳಿಂದ. ಫ್ರಾನ್ಸಿನ ಬೋರ್ಡೋದಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ. ಕನ್ನಡ ನಾಡಿನಲ್ಲಿ ಅದು ಹೆಸರಾದದ್ದು ಅಡಿಕೆಯ ಕೊಳೆರೋಗದ ಮೂಲಕ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನಲ್ಲಿ ಅದನ್ನು ಬಳಕೆಗೆ ತಂದ. ಅಂಜೂರಕ್ಕೂ ಅದೇ ದ್ರಾವಣ ಹೊಂದಿತು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸಾಕು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ದಿನದ ದ್ರಾವಣ ಆ ದಿನವೇ ಮುಗಿಯಬೇಕು. ಗಂಧಕದ ಪುಡಿಯನ್ನು ಧೂಳಿಸುವುದೂ ತುಕ್ಕಿಗೆ ಬಳಸಿದ ಹಳೆಯ ಉಪಾಯವೇ.

ಈ ವಿದ್ಯೆಗೆ ಪುಣೆಯಲ್ಲಿ ನೆಲೆ ಸಿಕ್ಕಿದ್ದಕ್ಕೆ ಕಾರಣ ಅಲ್ಲಿನ ಸಂಸ್ಥೆಗಳು. ಗಣೇಶಖಿಂಡದ ಸಸ್ಯೋದ್ಯಾನ 1873ರಲ್ಲಿ ಆರಂಭವಾಯಿತು. ಅದರ ಉಸ್ತುವಾರಿ ನೋಡಿದ ಜಾರ್ಜ್ ಮಾರ್ಷಲ್ ವುಡ್ರೋ ಭಾರತದ ತೋಟಗಾರಿಕೆ ಕುರಿತು ಪುಸ್ತಕ ಬರೆದ. ಕೃಷಿ ಕಾಲೇಜು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿದ್ದವು. 1947ರಲ್ಲಿ ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾಗುವವರೆಗೆ ಈ ಭಾಗದ ಕನ್ನಡಿಗರಿಗೆ ತಮ್ಮ ಪ್ರಾಂತದ ಕೃಷಿ ಕಾಲೇಜೆಂದರೆ ಪುಣೆಯದೇ. 1935ರಲ್ಲಿ ಸಸ್ಯರೋಗ ವಿಜ್ಞಾನಿಗಳಾದ ಉಪ್ಪಲ್, ಪಟೇಲ್ ಮತ್ತು ಕಾಮತ್ ಮುಂಬಯಿ ಪ್ರಾಂತದ ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿದರು. ರೋಗಕ್ಕೆ ಮದ್ದು ಹುಡುಕುವ ಮೊದಲು ಯಾವ ಗಿಡದಲ್ಲಿ ಯಾವ ಶಿಲೀಂಧ್ರವಿದೆ ಎಂದು ತಿಳಿಯಬೇಕು. ಆ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಇಂದಿಗೂ ಸಿಕ್ಕಿಲ್ಲ. ಸಸ್ಯವಿಜ್ಞಾನಿ ಅಘಾರ್ಕರ್ 1946ರಲ್ಲಿ ಪುಣೆಯಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಶಿಲೀಂಧ್ರ ವಿಜ್ಞಾನಿ ಅಜ್ರೇಕರ್ ಹೆಸರಿನ ಶಿಲೀಂಧ್ರ ಸಂಗ್ರಹ ಈಗಲೂ ಇದೆ.

ಪೂನಾ ಅಂಜೂರ ಎಂಬ ತಳಿ ಕರ್ನಾಟಕಕ್ಕೂ ಬಂದಿದೆ. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಅಂಜೂರಕ್ಕೆ ತನ್ನದೇ ಹೆಸರಿದೆ; ಬಳ್ಳಾರಿ ಸೀಮೆಯಲ್ಲೂ ಅಂಜೂರದ ತೋಟಗಳಿವೆ. ಪುರಂದರದ ಹಣ್ಣಿಗೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ರಾಹುರಿಯ ಕೃಷಿ ವಿಶ್ವವಿದ್ಯಾಲಯವು ಪುರಂದರದ ಜಾಧವವಾಡಿಯಲ್ಲಿ ಅಂಜೂರ, ಸೀತಾಫಲಗಳ ಸಂಶೋಧನೆ ನಡೆಸುತ್ತಿದೆ. ಖಟ್ಟಾ ಬಹಾರಿನ ಹಣ್ಣಿಗೂ ಮಾರುಕಟ್ಟೆ ಇರುವುದರಿಂದ ಮಳೆಯ ತೇವದಲ್ಲೇ ಎಲೆ ಉಳಿಸಿಕೊಳ್ಳುವ ಕೆಲಸ ಬೆಳೆಗಾರನ ಮೇಲೆ ಬಿದ್ದಿದೆ. ಅದಕ್ಕಾಗಿ ಉದುರಿದ ಎಲೆಗಳನ್ನು ಆರಿಸಿ ಸುಡುವುದು, ರೆಂಬೆಗಳ ನಡುವೆ ಗಾಳಿ ಬೆಳಕು ಆಡುವಂತೆ ಸವರುವುದು, ಎಲೆ ಬಿಚ್ಚಿಕೊಂಡ ಕೂಡಲೇ ತಾಮ್ರದ ಅಥವಾ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದ ಸಿಂಪಡಣೆ ಆರಂಭಿಸುವುದು ಈಗಿನ ಕ್ರಮ. ಕೆಳಮೈಗೆ ತಾಗದ ಸಿಂಪಡಣೆ ವ್ಯರ್ಥ, ಏಕೆಂದರೆ ತುಕ್ಕು ಇರುವುದೇ ಅಲ್ಲಿ.