ಉಳಿದ ಸೀಟಿನ ಚರಿತ್ರೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರೈಲು ದಾರಿಯಲ್ಲಿ ದರೋಜಿ ಎಂಬ ಸಣ್ಣ ನಿಲ್ದಾಣವಿದೆ. ಹಿರಿದಾದ ಕೆರೆಯಿಂದಲೂ, 1994ರಲ್ಲಿ ಸ್ಥಾಪನೆಯಾದ ಕರಡಿಧಾಮದಿಂದಲೂ, ಬುರ್ರಕಥೆಯ ಈರಮ್ಮನವರಿಂದಲೂ ಹೆಸರು ಪಡೆದ ಊರು ಅದು. ಅಲ್ಲಿಗೆ ಸಮೀಪದಲ್ಲೇ, ಅದೇ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಪಕ್ಕಕ್ಕೆ ವಿದ್ಯಾನಗರದ ವಿಮಾನ ನಿಲ್ದಾಣವಿದೆ. ಹೀಗೆ ಎರಡು ಬಗೆಯ ಬಿಟ್ಟಿ ಪ್ರಯಾಣಗಳು ಇಲ್ಲಿ ನೆರೆಹೊರೆಯಾಗಿವೆ: ರೈಲು ನೌಕರನ ಪಾಸು ಒಂದು, ವಿಮಾನ ನೌಕರನ ‘ಸ್ಟ್ಯಾಂಡ್‌ಬೈ’ ಟಿಕೆಟ್ ಇನ್ನೊಂದು. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಒಳಹೊಕ್ಕು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಬಿಟ್ಟಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ. ಕಾಸಿಲ್ಲದೆ ಸಿಕ್ಕುವುದೂ ಬಿಟ್ಟಿ, ಕೂಲಿಯಿಲ್ಲದೆ ಮಾಡಿಸಿಕೊಳ್ಳುವುದೂ ಬಿಟ್ಟಿ. ರೈಲು ನೌಕರನ ಪಾಸನ್ನು ನೋಡಿ ಕರುಬುವ ಜನ ಮೊದಲನೆಯ ಅರ್ಥವನ್ನು ಮಾತ್ರ ಬಲ್ಲರು.

ಈ ದಾರಿ ಹುಟ್ಟಿದ್ದು ಬರಗಾಲದ ಬೆನ್ನಲ್ಲಿ. ಧಾತು, ಈಶ್ವರ ಸಂವತ್ಸರಗಳ ಕ್ಷಾಮ, ಎಂದರೆ 1876–78ರ ಮಹಾಕ್ಷಾಮ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತು. ಧಾನ್ಯವನ್ನು ಬೇಗ ಸಾಗಿಸುವ ದಾರಿಯಿಲ್ಲದೆ ಜನ ಸತ್ತರೆಂಬ ಅರಿವು ಸರ್ಕಾರಕ್ಕೆ ತಡವಾಗಿ ಮೂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ, 1884ರಲ್ಲಿ ಬಳ್ಳಾರಿ–ಹೊಸಪೇಟೆ ನಡುವೆ ಮೀಟರ್ ಗೇಜ್ ಹಳಿ ಬಿತ್ತು. ಹಳಿ ಕಾಯುವುದಕ್ಕೆ ಗ್ಯಾಂಗ್‌ಮನ್, ದಾರಿ ಬದಲಿಸುವುದಕ್ಕೆ ಪಾಯಿಂಟ್ಸ್‌ಮನ್, ಗೇಟಿಗೊಬ್ಬ, ಮಾಸ್ತರೊಬ್ಬ. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಊರಾಚೆಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಲು ಜನ ಒಪ್ಪಬೇಕಾದರೆ ಬರಿಯ ಸಂಬಳ ಸಾಲದು. ಪಾಸು ಆ ಸಂಬಳದ ಒಂದು ಭಾಗ, ಧರ್ಮಕ್ಕೆ ಕೊಟ್ಟದ್ದಲ್ಲ.

ಇಂದಿಗೂ ಆ ಲೆಕ್ಕ ಹಾಗೆಯೇ ಇದೆ. 1986ರ ಪಾಸ್ ನಿಯಮಗಳ ಪ್ರಕಾರ ಕೆಳಗಿನ ದರ್ಜೆಯ ನೌಕರನಿಗೆ ಮೊದಲ ಐದು ವರ್ಷ ವರ್ಷಕ್ಕೆ ಒಂದು ಸೆಟ್ ಪಾಸು, ಆಮೇಲೆ ಮೂರು ಸೆಟ್. ಸೆಟ್ ಎಂದರೆ ಹೋಗುವುದಕ್ಕೊಂದು, ಬರುವುದಕ್ಕೊಂದು. ಅದರ ಮೇಲೆ ನಾಲ್ಕು ಸೆಟ್ ಪಿ.ಟಿ.ಓ., ಅಂದರೆ ಮೂರನೆಯ ಒಂದು ಪಾಲು ದರ ಕೊಟ್ಟು ಹೋಗುವ ಅಪ್ಪಣೆ. ಹೆಂಡತಿ ಅಥವಾ ಗಂಡ, ಮಕ್ಕಳು, ಆಶ್ರಯದಲ್ಲಿರುವ ವಿಧವೆ ತಾಯಿ ಇವರೆಲ್ಲರ ಹೆಸರೂ ಅದರಲ್ಲಿ ಬರುತ್ತವೆ. ವರ್ಗವಾದಾಗ ಪಾತ್ರೆಪಗಡಿ ಸಾಗಿಸಲು ಬೇರೆ ಪಾಸು. ನಿವೃತ್ತಿಯ ಮೇಲೂ ಸಿಕ್ಕುತ್ತದೆ. ನೌಕರ ತೀರಿಕೊಂಡ ಮೇಲೆ ಹೆಂಡತಿಗೆ ವಿಧವಾ ಪಾಸು ಎಂಬುದೂ ಉಂಟು. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಈ ಪಾಸಿನ ಮೇಲೆ ಮುಂಗಡವಾಗಿ ಬರ್ತು ಕಾದಿರಿಸಬಹುದು. ಬರ್ತು ಸಿಕ್ಕಿತೆಂದರೆ ಅದು ಅವನದು; ಕಾಸು ಕೊಟ್ಟವನೊಬ್ಬ ಕೊನೆಯ ಗಳಿಗೆಯಲ್ಲಿ ಓಡಿಬಂದನೆಂದು ಗ್ಯಾಂಗ್‌ಮನ್ನಿನ ಹೆಂಡತಿಯನ್ನು ಎಬ್ಬಿಸಿ ಕೆಳಗಿಳಿಸುವುದಿಲ್ಲ. ತಿರುಪತಿಗೋ ಪಂಢರಪುರಕ್ಕೋ ಹೊರಟವರು ಹೊರಟ ದಿನವೇ ಹೋಗಿ ಸೇರುತ್ತಾರೆ.

ವಿಮಾನದ ಕಥೆಗೆ ಬರೋಣ. ಅದಕ್ಕೂ ಬಳ್ಳಾರಿಯ ಸಂಬಂಧ ಹಳೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ವಿಮಾನವನ್ನು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ಟಪಾಲಿನ ಚೀಲಗಳಿಗೆ ಮೊದಲ ಮರ್ಯಾದೆ, ಮನುಷ್ಯರಿಗೆ ಆಮೇಲೆ. ಮೊದಲ ಪೂರ್ಣ ವರ್ಷದಲ್ಲಿ ಆ ಸಂಸ್ಥೆ ಹೊತ್ತ ಟಪಾಲು ಸುಮಾರು ಹತ್ತು ಟನ್ನು, ಪ್ರಯಾಣಿಕರು 155 ಮಂದಿ. ಚೀಲಗಳ ನಡುವೆ ಜಾಗ ಉಳಿದರೆ ನಿನಗೆ, ಇಲ್ಲವಾದರೆ ಇಲ್ಲ! ಇಂದು ನೌಕರನಿಗೆ ಹೇಳುವ ಮಾತನ್ನು ಅಂದು ಕಾಸು ಕೊಟ್ಟ ಪ್ರಯಾಣಿಕನಿಗೇ ಹೇಳುತ್ತಿದ್ದರು.

ಆ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಆಯಿತು. 1953ರಲ್ಲಿ ಸರ್ಕಾರದ ವಶವಾಯಿತು. ಬಳ್ಳಾರಿ ಜಿಲ್ಲೆಯ ಬಹುಭಾಗ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ ವರ್ಷ, ಅಕ್ಟೋಬರ್ 1ರಂದು.

ಸ್ಟ್ಯಾಂಡ್‌ಬೈ ವ್ಯವಸ್ಥೆಯ ಹಿಂದಿರುವುದು ಸರಳವಾದ ವ್ಯಾಪಾರಬುದ್ಧಿ. ವಿಮಾನ ನೆಲ ಬಿಟ್ಟ ಕ್ಷಣದಲ್ಲಿ ಖಾಲಿ ಸೀಟಿನ ಬೆಲೆ ಸೊನ್ನೆ. ಬಾಳೆಹಣ್ಣು ಮಾರುವವಳು ಸಂಜೆಗೆ ಉಳಿದ ಚಿಪ್ಪನ್ನು ಮನೆಗೆ ಕೊಂಡುಹೋಗುವಂತೆ, ಸಂಸ್ಥೆಗಳು ಉಳಿದ ಸೀಟನ್ನು ತಮ್ಮ ನೌಕರರಿಗೂ ಅವರ ಮನೆಯವರಿಗೂ ಕೊಡುತ್ತವೆ. ಕೆಲವು ಕಡೆ ದರವೇ ಇಲ್ಲ, ತೆರಿಗೆ ಮಾತ್ರ. ಕೆಲವು ಕಡೆ ಹತ್ತನೆಯ ಒಂದು ಪಾಲು ದರ. ಒಂದು ಸಂಸ್ಥೆಯ ನೌಕರ ಇನ್ನೊಂದರ ವಿಮಾನದಲ್ಲಿ ಹೋಗುವುದಕ್ಕೆ ಪರಸ್ಪರ ಒಪ್ಪಂದಗಳಿವೆ. 1990ರ ದಶಕದಿಂದ ದೂರದ ವಲಯಗಳನ್ನು ಗೊತ್ತು ಮಾಡಿ ದರ ಕಟ್ಟುವ ‘ಝೆಡ್’ ಎಂಬ ಪದ್ಧತಿಯೂ ಬಂದಿದೆ. ಟಿಕೆಟ್ಟೇನೋ ಕೈಗೆ ಬರುತ್ತದೆ. ಸೀಟು ಮಾತ್ರ, ಕಾಸು ಕೊಟ್ಟವರೆಲ್ಲ ಹತ್ತಿ, ಕೌಂಟರು ಮುಚ್ಚಿದ ಮೇಲೆ ಉಳಿದರೆ! ಉಳಿದವುಗಳಿಗೂ ಸರದಿ ಉಂಟು: ತನ್ನ ನೌಕರನಿಗೆ ಮೊದಲು, ಬೇರೆ ಸಂಸ್ಥೆಯವನಿಗೆ ಆಮೇಲೆ, ಸಮಾನರಲ್ಲಿ ಸೇವೆಯ ಹಿರಿತನ ನೋಡುವವರುಂಟು, ಮೊದಲು ಬಂದವನನ್ನು ನೋಡುವವರುಂಟು.

ಸೀಟು ಖಾಲಿಯಿದ್ದೂ ಹತ್ತಿಸದ ಸಂದರ್ಭವೂ ಒಂದಿದೆ. ನಮ್ಮ ಸೀಮೆಯವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಕಡಮೆಯಾಗುತ್ತದೆ. ವೈಶಾಖದ ಮಧ್ಯಾಹ್ನ ಎಪ್ಪತ್ತು ಸೀಟಿನ ವಿಮಾನವೊಂದು ತುಂಬು ಭಾರ ಹೊತ್ತು ಏಳಲಾರದಿದ್ದರೆ, ಇಳಿಸುವ ಭಾರದಲ್ಲಿ ಮೊದಲು ಎಣಿಕೆಗೆ ಬರುವವನು ಸ್ಟ್ಯಾಂಡ್‌ಬೈಯವನೇ.

ನನ್ನ ತಂಗಿಯ ಮಗ ಒಂದು ವಿಮಾನ ಸಂಸ್ಥೆಯಲ್ಲಿದ್ದಾನೆ. ದೆಹಲಿಯಲ್ಲಿ ಮದುವೆ, ತಾಯಿ, ಹೆಂಡತಿ, ಏಳು ವರ್ಷದ ಮಗಳೊಡನೆ ಬೆಂಗಳೂರಿನ ನಿಲ್ದಾಣದಲ್ಲಿ ಬೆಳಿಗ್ಗೆಯಿಂದ ಕಾದ. ಮೂರನೆಯ ವಿಮಾನದಲ್ಲಿ ಎರಡೇ ಸೀಟು ಉಳಿದವು. “ಅಮ್ಮ, ನೀನು ಮಗುವನ್ನು ಕರಕೊಂಡು ಹೋಗು, ನಾವು ರಾತ್ರಿಯದಕ್ಕೆ ಬರ್ತೀವಿ” ಎಂದ. ರಾತ್ರಿಯದೂ ತುಂಬಿ ಹೋಯಿತು. ಮರುದಿನ ಬೆಳಿಗ್ಗೆಯದೂ ತುಂಬಿತು. ಗಂಡ ಹೆಂಡತಿ ತಲಪುವ ಹೊತ್ತಿಗೆ ಧಾರೆ ಮುಗಿದು ಊಟದ ಪಂಕ್ತಿ ಎದ್ದಿತ್ತು. ತಂಗಿ ನನ್ನೊಡನೆ ಹೇಳಿದಳು: “ಅಣ್ಣ, ಅದು ಟಿಕೆಟ್ಟಲ್ಲ, ಲಾಟರಿ.” ಹುಡುಗನಿಗೆ ಸಂಸ್ಥೆಯ ಮೇಲೆ ಕೋಪವೇನೂ ಇಲ್ಲ. ಕೆಲಸಕ್ಕೆ ಸೇರುವಾಗಲೇ ಹಾಗೆಂದು ಬರೆದುಕೊಟ್ಟಿದ್ದರು.

ಆದರೆ ಬರೆದುಕೊಟ್ಟ ಮಾತು ಹಾಗೆಯೇ ಇದ್ದು ಅದರ ಬೆಲೆ ಕರಗಿ ಹೋದದ್ದು ಹೇಗೆ? ಇದೇ ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ. ಸರ್ಕಾರವೇ ದರ ಗೊತ್ತುಮಾಡುತ್ತಿದ್ದ ಕಾಲದಲ್ಲಿ, 1970ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದ ವಿಮಾನಗಳಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಸೀಟುಗಳು ಖಾಲಿ ಹೋಗುತ್ತಿದ್ದುವು. ನೌಕರರ ಸಂಸಾರಗಳು ಧಾರಾಳವಾಗಿ ತಿರುಗಿದುವು. 1978ರಲ್ಲಿ ಕಟ್ಟು ಸಡಿಲಿಸುವ ಕಾನೂನು ಬಂತು, ಪೈಪೋಟಿ ಹೆಚ್ಚಿತು, ಸೀಟುಗಳು ತುಂಬತೊಡಗಿದುವು. ನಮ್ಮಲ್ಲಿ ಅದೇ ಕೆಲಸವನ್ನು ಮಾಡಿದವರು ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಆರಂಭವಾದ ಅವರ ಏರ್ ಡೆಕ್ಕನ್, ಕೆಲವು ಸೀಟುಗಳನ್ನು ಒಂದು ರೂಪಾಯಿಗೆ ಮಾರಿತು. ಅದೆಷ್ಟೋ ಜನ ಮೊದಲ ಸಲ ಮೋಡ ನೋಡಿದರು. ಅದು ಒಳ್ಳೆಯದೇ ಆಯಿತು. ಆದರೆ ಖಾಲಿ ಹೋಗಬೇಕಿದ್ದ ಸೀಟಿಗೆ ಒಂದು ರೂಪಾಯಿಯಾದರೂ ಬರುವುದೆಂದಾದ ಮೇಲೆ ನೌಕರನ ಪಾಲಿಗೆ ಉಳಿಯುವುದೇನು? ಅವನ ಹಕ್ಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಖಾಲಿ ಸೀಟು ಕಡಮೆಯಾಯಿತು, ಅಷ್ಟೆ.

ಇನ್ನೊಂದು ಅಪಾಯ ಸಂಸ್ಥೆಯೇ ಇಲ್ಲವಾಗುವುದು. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರಲ್ಲಿ. ವಿದ್ಯಾನಗರಕ್ಕೆ ‘ಉಡಾನ್’ ಯೋಜನೆಯಡಿ 2017ರಲ್ಲಿ ಹಾರಾಟ ಆರಂಭಿಸಿದ ಟ್ರೂಜೆಟ್ 2022ರಲ್ಲಿ ಹಾರಾಟ ನಿಲ್ಲಿಸಿತು. ಸಂಬಳದ ಬಾಕಿಗಾದರೂ ನ್ಯಾಯಾಲಯದ ಮೆಟ್ಟಲೇರಬಹುದು. ಹಾರದ ವಿಮಾನದ ಉಳಿದ ಸೀಟಿಗೆ ಯಾವ ದಾವೆ ಹೂಡುವುದು? 2021ರಲ್ಲಿ ಏರ್ ಇಂಡಿಯಾವನ್ನು ಟಾಟಾ ಸಂಸ್ಥೆಗೆ ಮಾರುವ ಒಪ್ಪಂದವಾದಾಗ ನಿವೃತ್ತರ ಔಷಧೋಪಚಾರದ ಜತೆಗೆ ಪ್ರಯಾಣದ ಹಕ್ಕಿನ ಮಾತೂ ಬಂದದ್ದು ಇದಕ್ಕಾಗಿಯೇ. ಬಳ್ಳಾರಿಯ ಮೇಲೆ ಟಪಾಲು ಹೊತ್ತ ಸಂಸ್ಥೆ 2022ರ ಜನವರಿ 27ರಂದು ಮತ್ತೆ ಮೂಲ ಮನೆತನದ ಕೈ ಸೇರಿತು.

ದರೋಜಿಯ ಹಳಿಗೂ ಒಡೆಯರು ಬದಲಾಗಿದ್ದಾರೆ. ಸದರ್ನ್ ಮರಾಠಾ ಹೋಗಿ 1908ರಲ್ಲಿ ಮದರಾಸ್ ಅಂಡ್ ಸದರ್ನ್ ಮರಾಠಾ ಬಂತು. 1951ರಲ್ಲಿ ದಕ್ಷಿಣ ರೈಲ್ವೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ತೊಂಬತ್ತರ ದಶಕದಲ್ಲಿ ಹಳಿಯೇ ಅಗಲವಾಯಿತು. ಪ್ರತಿ ಸಲವೂ ಪಾಸಿನ ತಲೆಬರಹ ಬದಲಾಯಿತು, ಪಾಸು ನಿಲ್ಲಲಿಲ್ಲ. 2020ರಿಂದ ಅದನ್ನು ಮೊಬೈಲಿನಲ್ಲೇ ಪಡೆಯುವ ವ್ಯವಸ್ಥೆಯಾಗಿದೆ; ಗುಮಾಸ್ತರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ಕೆಲಸ ಗ್ಯಾಂಗ್‌ಮನ್ನಿಗೆ ತಪ್ಪಿತು.