ಅರಾನೀಸ್: ಹತ್ತು ಸಾವಿರ ಜನರ ಕಣಿವೆಯ ಮಾತು ಅಧಿಕೃತ ಭಾಷೆಯಾದದ್ದು ಹೇಗೆ?

ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಎಷ್ಟು ಅಧಿಕೃತ ಭಾಷೆಗಳಿವೆ ಎಂದು ಕೇಳಿದರೆ ಹೆಚ್ಚಿನವರು ಎರಡು ಎನ್ನುತ್ತಾರೆ: ಸ್ಪ್ಯಾನಿಷ್ ಮತ್ತು ಕ್ಯಾಟಲನ್. ಸರಿಯಾದ ಉತ್ತರ ಮೂರು. ಮೂರನೆಯದು ಆಕ್ಸಿಟನ್. ಅದರ ಅಲ್ಲಿನ ರೂಪಕ್ಕೆ ಅರಾನೀಸ್ ಎಂದು ಹೆಸರು. ಇದು ಪಿರೆನೀಸ್ ಪರ್ವತಗಳ ನಡುವಿನ ಅರಾನ್ ಎಂಬ ಒಂದೇ ಒಂದು ಕಣಿವೆಯ ಮಾತು. ಕಣಿವೆಯ ಒಟ್ಟು ಜನಸಂಖ್ಯೆಯೇ ಸುಮಾರು ಹತ್ತು ಸಾವಿರ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿಯಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ.

ಗಡಿಯಾಚೆ ಫ್ರಾನ್ಸ್‌ನಲ್ಲಿ ಇದೇ ಆಕ್ಸಿಟನ್ ಭಾಷೆಯನ್ನು ಆಡುವವರು ಇವರಿಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿ ಅದಕ್ಕೆ ಅಧಿಕೃತ ಸ್ಥಾನವಿಲ್ಲ. ಒಂದೇ ಭಾಷೆಗೆ ಬೆಟ್ಟದ ಎರಡು ಬದಿಯಲ್ಲಿ ಎರಡು ಬಗೆಯ ಗತಿ ಏಕೆ?

ಮೊದಲು ಭೂಗೋಳ

ಪಿರೆನೀಸ್ ಸಾಲು ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಸಹಜ ಗಡಿ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅರಾನ್ ಕಣಿವೆ ಈ ಮಾತಿಗೆ ಅಪವಾದ. ಅದು ಸ್ಪೇನ್‌ಗೆ ಸೇರಿದ್ದರೂ ಇರುವುದು ಪರ್ವತದ ಉತ್ತರದ ಇಳಿಜಾರಿನಲ್ಲಿ. ಇಲ್ಲಿ ಹುಟ್ಟುವ ಗರೋನ್ ನದಿ ಉತ್ತರಕ್ಕೆ ಹರಿದು, ಫ್ರಾನ್ಸ್‌ನ ತುಲೂಸ್ ಮತ್ತು ಬೋರ್ಡೋ ನಗರಗಳನ್ನು ದಾಟಿ ಅಟ್ಲಾಂಟಿಕ್ ಸೇರುತ್ತದೆ. ನೀರು ಹರಿದ ಕಡೆಗೇ ವ್ಯಾಪಾರ, ಸಂಬಂಧ, ಮಾತು ಎಲ್ಲವೂ ಹರಿದವು. ಚರ್ಚಿನ ಆಡಳಿತದಲ್ಲಿಯೂ 19ನೇ ಶತಮಾನದ ಆರಂಭದವರೆಗೆ ಅರಾನ್ ಫ್ರಾನ್ಸ್ ಕಡೆಯ ಕೊಮಾಂಜ್ ಧರ್ಮಪ್ರಾಂತ್ಯಕ್ಕೆ ಸೇರಿತ್ತು.

ರಾಜಕೀಯ ಮಾತ್ರ ದಕ್ಷಿಣಕ್ಕೆ ಎಳೆಯಿತು. 1313ರಲ್ಲಿ ಅರಗಾನ್‌ನ ದೊರೆ ಎರಡನೇ ಜೌಮೆ ಈ ಕಣಿವೆಯ ಜನರಿಗೆ 'ಕೆರಿಮೋನಿಯಾ' ಎಂಬ ಹಕ್ಕುಪತ್ರ ಕೊಟ್ಟ. ಕಾಡು, ಹುಲ್ಲುಗಾವಲು, ನೀರಿನ ಬಳಕೆ, ಸ್ಥಳೀಯ ಆಡಳಿತ ಇವೆಲ್ಲ ಅವರ ಕೈಯಲ್ಲೇ ಉಳಿದವು. ಸ್ಥಳೀಯ ಸಭೆ 1834ರಲ್ಲಿ ರದ್ದಾಗುವವರೆಗೂ ನಡೆಯಿತು. ನಡುವೆ 1812ರಲ್ಲಿ ನೆಪೋಲಿಯನ್ ಕಣಿವೆಯನ್ನು ಫ್ರಾನ್ಸ್‌ಗೆ ಸೇರಿಸಿಕೊಂಡ. ಅದು ಮೂರು ವರ್ಷ ಮಾತ್ರ. ಹಾಗೆಯೇ ಉಳಿದುಬಿಟ್ಟಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವೇನೋ.

'ಅರಾನ್' ಎಂಬ ಹೆಸರಿನಲ್ಲಿ ಒಂದು ತಮಾಷೆ ಇದೆ. ಬಾಸ್ಕ್ ಭಾಷೆಯಲ್ಲಿ 'ಅರಾನ್' ಎಂದರೆ ಕಣಿವೆ. ಹಾಗಾಗಿ 'ಅರಾನ್ ಕಣಿವೆ' ಎಂದರೆ 'ಕಣಿವೆ ಕಣಿವೆ' ಎಂದ ಹಾಗೆ, ನಾವು 'ನಡುಸೆಂಟರ್' ಅನ್ನುವಂತೆ. ಈ ಹೆಸರು ಸುಮ್ಮನೆ ಬಂದದ್ದಲ್ಲ. ರೋಮನ್ನರು ಬರುವ ಮೊದಲು ಈ ಸೀಮೆಯಲ್ಲಿ ಬಾಸ್ಕ್‌ಗೆ ಹತ್ತಿರದ ಅಕ್ವಿಟೇನಿಯನ್ ಎಂಬ ಭಾಷೆ ಇತ್ತು. ಅಕ್ವಿಟೇನಿಯಾದ ಜನರ ಭಾಷೆ ಗಾಲ್ ಜನರ ಭಾಷೆಗಿಂತ ಬೇರೆ ಎಂದು ಜೂಲಿಯಸ್ ಸೀಸರ್ ಕೂಡ ಬರೆದಿಟ್ಟಿದ್ದಾನೆ.

'ಕೆಟ್ಟ ಫ್ರೆಂಚ್' ಎಂಬ ಮಿಥ್ಯೆ

ಆಕ್ಸಿಟನ್ ಬಗ್ಗೆ ಹೆಚ್ಚು ಕೇಳಿಬರುವ ತಪ್ಪು ಕಲ್ಪನೆ, ಅದು ಹಳ್ಳಿಗರ ಬಾಯಲ್ಲಿ ಕೆಟ್ಟುಹೋದ ಫ್ರೆಂಚ್ ಎಂಬುದು. ಫ್ರೆಂಚರು ಇಂತಹ ಮಾತುಗಳಿಗೆಲ್ಲ 'ಪತ್ವಾ' ಎನ್ನುತ್ತಿದ್ದರು. ಅದರಲ್ಲಿ ತಾತ್ಸಾರವೂ ಸೇರಿಕೊಂಡಿತ್ತು. ವಾಸ್ತವದಲ್ಲಿ ಆಕ್ಸಿಟನ್ ಹುಟ್ಟಿದ್ದು ಫ್ರೆಂಚ್‌ನಿಂದಲ್ಲ. ಎರಡೂ ಲ್ಯಾಟಿನ್‌ನಿಂದ ಬೇರೆ ಬೇರೆಯಾಗಿ ಬೆಳೆದವು. 'ಹೌದು' ಎನ್ನಲು ದಕ್ಷಿಣದವರು 'ಓಕ್' ಎನ್ನುತ್ತಿದ್ದರು, ಉತ್ತರದವರು 'ಓಯ್ಲ್' ಎನ್ನುತ್ತಿದ್ದರು. 14ನೇ ಶತಮಾನದ ಆರಂಭದಲ್ಲಿ ಇಟಲಿಯ ಕವಿ ಡಾಂಟೆ ಭಾಷೆಗಳನ್ನು ವಿಂಗಡಿಸಿದ್ದು ಈ 'ಹೌದು' ಪದದ ಮೇಲೆಯೇ. ಆಕ್ಸಿಟನ್ ಎಂಬ ಹೆಸರೂ ಈ 'ಓಕ್'ನಿಂದ ಬಂದಿದೆ. 12ನೇ ಶತಮಾನದ ಟ್ರೂಬಡೂರ್ ಕವಿಗಳು ಹಾಡು ಕಟ್ಟಿದ್ದು ಈ ಭಾಷೆಯಲ್ಲಿ.

ಆಕ್ಸಿಟನ್ ಒಳಗೆ ಪ್ರೊವೆನ್ಸಾಲ್, ಲಾಂಗ್‌ಡಾಕಿಯನ್, ಲಿಮೂಸಿನ್, ಗ್ಯಾಸ್ಕನ್ ಮುಂತಾದ ಉಪಭಾಷೆಗಳಿವೆ. ಅರಾನೀಸ್ ಗ್ಯಾಸ್ಕನ್‌ನ ಒಂದು ಕವಲು. ಈ ಗ್ಯಾಸ್ಕನ್ ತನ್ನ ಬಳಗದಲ್ಲೇ ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಏಕೆಂದು ತಿಳಿಯಲು ಮೂರು ಉದಾಹರಣೆ ನೋಡೋಣ.

ಲ್ಯಾಟಿನ್‌ನ 'ಫೆಸ್ತಾ' (ಹಬ್ಬ) ಇಲ್ಲಿ 'ಹೆಸ್ತಾ' ಆಗಿದೆ, 'ಫ' ಹೋಗಿ 'ಹ' ಬಂದಿದೆ. 'ಲೂನಾ' (ಚಂದ್ರ) ಇಲ್ಲಿ 'ಲುವಾ', ಅಂದರೆ ಸ್ವರಗಳ ನಡುವಿನ 'ನ' ಬಿದ್ದುಹೋಗಿದೆ. ಎರಡೂ ಸೇರಿ 'ಫರೀನಾ' (ಹಿಟ್ಟು) 'ಹರಿಯಾ' ಆಗುತ್ತದೆ. ಇನ್ನು 'ರೋತಾ' (ಚಕ್ರ) 'ಅರ್ರೋದಾ' ಆಗಿದೆ. ಪದದ ಮೊದಲಲ್ಲಿ 'ರ' ಬಂದರೆ ಅದರ ಹಿಂದೆ ಒಂದು 'ಅ' ಸೇರಿಕೊಳ್ಳುತ್ತದೆ.

ಕನ್ನಡಿಗರಿಗೆ ಇದು ಎಲ್ಲೋ ಕೇಳಿದಂತೆ ಅನ್ನಿಸಬೇಕು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯಿತು, 'ಪುಲಿ' 'ಹುಲಿ' ಆಯಿತು. ಸಂಸ್ಕೃತದ 'ರಾಜ' ನಮ್ಮಲ್ಲಿ 'ಅರಸ' ಆಗುವಾಗ ಮುಂದೆ ಒಂದು 'ಅ' ಬಂತು. ಹೋಲಿಕೆ ಅಲ್ಲಿಗೂ ನಿಲ್ಲುವುದಿಲ್ಲ. ಅರಾನ್‌ನಲ್ಲಿ 'ಹ' ಎಂದು ಬರೆದರೂ ಅದನ್ನು ಉಚ್ಚರಿಸುವುದು ಬಾವುಸೆನ್ ಮತ್ತು ಕನೆಜಾನ್ ಎಂಬ ಎರಡು ಊರುಗಳಲ್ಲಿ ಮಾತ್ರ. ಉಳಿದೆಡೆ 'ಹೆಸ್ತಾ' ಎಂಬುದು 'ಎಸ್ತಾ' ಎಂದೇ ಕೇಳುತ್ತದೆ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ 'ಹಾಲು' 'ಆಲು' ಆಗುವಂತೆ.

ಹಾಗೆಂದು ಕನ್ನಡಕ್ಕೂ ಇದಕ್ಕೂ ನಂಟಿದೆ ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ತುಟಿಯಿಂದ ಹುಟ್ಟುವ ಧ್ವನಿ ಸಡಿಲಗೊಂಡು 'ಹ' ಆಗುವುದು ಜಗತ್ತಿನ ಹಲವು ಭಾಷೆಗಳಲ್ಲಿ ತಾನಾಗಿಯೇ ನಡೆದಿದೆ. ಗ್ಯಾಸ್ಕನ್‌ನಲ್ಲಿ ಇದಕ್ಕೆ ಹಳೆಯ ಬಾಸ್ಕ್ ಬಗೆಯ ಭಾಷೆಯೇ ಕಾರಣ ಎಂದು ಅನೇಕ ಭಾಷಾತಜ್ಞರು ಹೇಳುತ್ತಾರೆ. ಬಾಸ್ಕ್‌ನಲ್ಲೂ ಮೂಲತಃ 'ಫ' ಇರಲಿಲ್ಲ, 'ರ'ದಿಂದ ಪದ ಶುರುವಾಗುತ್ತಿರಲಿಲ್ಲ.

ಭಾಷೆಯೋ, ಉಪಭಾಷೆಯೋ?

ಇಷ್ಟು ಬೇರೆಯಾಗಿದ್ದರೆ ಗ್ಯಾಸ್ಕನ್ ಅನ್ನು ಪ್ರತ್ಯೇಕ ಭಾಷೆ ಎನ್ನಬಾರದೇ? ಈ ವಾದ ಹಳೆಯದು. 14ನೇ ಶತಮಾನದಲ್ಲಿ ತುಲೂಸ್‌ನಲ್ಲಿ ಸಿದ್ಧವಾದ 'ಲೇಯ್ಸ್ ದಾಮೋರ್ಸ್' ಎಂಬ ವ್ಯಾಕರಣ ಗ್ರಂಥವೇ ಗ್ಯಾಸ್ಕನ್ ಅನ್ನು ಪರಭಾಷೆಗಳ ಸಾಲಿಗೆ ಸೇರಿಸಿತ್ತು. 2002ರಲ್ಲಿ ಶಾಂಬೋಂ ಮತ್ತು ಗ್ರೂಬ್ ಎಂಬ ಭಾಷಾತಜ್ಞರು, ಗ್ಯಾಸ್ಕನ್ ಕ್ರಿ.ಶ. 600ರ ವೇಳೆಗೇ ಬೇರೆಯಾಗಿತ್ತು ಎಂದು ವಾದಿಸಿದರು. ಇನ್ನೊಂದು ಪಕ್ಷದವರು ವ್ಯಾಕರಣ, ಪದಸಂಪತ್ತು, ಸಾಹಿತ್ಯ ಪರಂಪರೆ ನೋಡಿದರೆ ಇದು ಆಕ್ಸಿಟನ್‌ನ ಭಾಗವೇ ಎನ್ನುತ್ತಾರೆ. ನನಗೆ ಅನ್ನಿಸುವಂತೆ ಇದು ಕೇವಲ ಭಾಷಾವಿಜ್ಞಾನದ ಪ್ರಶ್ನೆಯಲ್ಲ. 'ನಮ್ಮದೇ ಬೇರೆ' ಎಂದರೆ ಸ್ಥಳೀಯ ಅಭಿಮಾನ ಉಳಿಯುತ್ತದೆ, ಆದರೆ ಪಠ್ಯಪುಸ್ತಕ, ನಿಘಂಟು, ಶಿಕ್ಷಕರು ಎಲ್ಲವನ್ನೂ ಹತ್ತು ಸಾವಿರ ಜನವೇ ಹೊಂದಿಸಿಕೊಳ್ಳಬೇಕು. ಕ್ಯಾಟಲೋನಿಯಾದ ಕಾನೂನು ಜಾಣತನದಿಂದ ಎರಡನ್ನೂ ಹಿಡಿದಿದೆ: ಭಾಷೆ ಆಕ್ಸಿಟನ್, ಅರಾನ್‌ನಲ್ಲಿ ಅದರ ಹೆಸರು ಅರಾನೀಸ್.

ಗಡಿಯ ಎರಡು ಬದಿ

ಫ್ರಾನ್ಸ್‌ನ ಕಥೆ ಚುಟುಕಾಗಿ ಹೀಗಿದೆ. 1539ರ ರಾಜಾಜ್ಞೆ ನ್ಯಾಯಾಲಯದ ದಾಖಲೆಗಳು ಫ್ರೆಂಚ್‌ನಲ್ಲೇ ಇರಬೇಕೆಂದಿತು. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಆಬೆ ಗ್ರೆಗ್ವಾರ್ 'ಪತ್ವಾ'ಗಳನ್ನು ನಿರ್ಮೂಲ ಮಾಡುವ ಅಗತ್ಯದ ಬಗ್ಗೆ ವರದಿ ಕೊಟ್ಟ. ದೊಡ್ಡ ಪೆಟ್ಟು ಬಿದ್ದದ್ದು 1880ರ ದಶಕದಲ್ಲಿ, ಕಡ್ಡಾಯ ಶಿಕ್ಷಣ ಬಂದಾಗ. ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ತುಂಡೋ ಹಳೆ ಎಕ್ಕಡವೋ ನೇತುಹಾಕುವ ಶಿಕ್ಷೆ ಹಲವೆಡೆ ಇತ್ತು. ಅದನ್ನು ಕಳಚಬೇಕಾದರೆ ತಪ್ಪು ಮಾಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಹೀಗೆ ಬೆಳೆದವರು ತಾವು ತಂದೆತಾಯಿಯಾದಾಗ ಮಕ್ಕಳೊಂದಿಗೆ ಫ್ರೆಂಚ್ ಆಡಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಅನುಭವಕ್ಕೆ ಆಕ್ಸಿಟನ್‌ನಲ್ಲಿ 'ವೆರ್ಗೊನ್ಯಾ' ಎಂಬ ಹೆಸರೇ ಇದೆ, ಅರ್ಥ ನಾಚಿಕೆ. ಮುಂದೆ 1951ರಲ್ಲಿ ಐಚ್ಛಿಕ ಪಾಠಕ್ಕೆ ಅವಕಾಶ ಸಿಕ್ಕಿತು. 1979ರಲ್ಲಿ ಪೋ ನಗರದಲ್ಲಿ 'ಕಲಂದ್ರೇತಾ' ಎಂಬ ಆಕ್ಸಿಟನ್ ಮಾಧ್ಯಮ ಶಾಲೆಗಳ ಚಳವಳಿ ಶುರುವಾಯಿತು. ಆದರೆ 1992ರಿಂದ ಸಂವಿಧಾನವೇ ಗಣರಾಜ್ಯದ ಭಾಷೆ ಫ್ರೆಂಚ್ ಎನ್ನುತ್ತದೆ. ಸ್ಥಳೀಯ ಭಾಷಾ ಮಾಧ್ಯಮದ ಬೋಧನೆಗೆ ದಾರಿ ಮಾಡಿದ 2021ರ ಕಾನೂನಿನ ಮುಖ್ಯ ಭಾಗವನ್ನು ಅಲ್ಲಿನ ಸಂವಿಧಾನ ಮಂಡಳಿ ತಳ್ಳಿಹಾಕಿತು.

ಅರಾನ್‌ನಲ್ಲೂ ಸ್ಥಿತಿ ಸುಖವಾಗಿರಲಿಲ್ಲ. ಫ್ರಾಂಕೋ ಆಳ್ವಿಕೆಯಲ್ಲಿ ಶಾಲೆ, ಕಚೇರಿ ಎಲ್ಲೆಡೆ ಸ್ಪ್ಯಾನಿಷ್ ಒಂದೇ. ಆದರೂ ಮನೆಯಲ್ಲಿ ಅರಾನೀಸ್ ಉಳಿಯಿತು. ಒಂದು ಕಾರಣ ಹಿಮ. ಚಳಿಗಾಲದಲ್ಲಿ ದಕ್ಷಿಣದ ಕಣಿವೆದಾರಿಗಳು ಮುಚ್ಚಿದರೆ ತಿಂಗಳುಗಟ್ಟಲೆ ಸ್ಪೇನ್ ಜೊತೆ ಸಂಪರ್ಕವೇ ಕಷ್ಟ. 1948ರಲ್ಲಿ ವಿಯೆಲ್ಯಾ ಸುರಂಗ ತೆರೆದ ಮೇಲೆ ಈ ಸ್ಥಿತಿ ಬದಲಾಯಿತು.

1975ರಲ್ಲಿ ಫ್ರಾಂಕೋ ಸತ್ತ ನಂತರ ಕ್ಯಾಟಲೋನಿಯಾ ತನ್ನ ಭಾಷೆಯ ಹಕ್ಕಿಗಾಗಿ ಮ್ಯಾಡ್ರಿಡ್ ಜೊತೆ ಹೋರಾಡುತ್ತಿತ್ತು. ತನಗೆ ಬೇಕೆಂದು ಕೇಳಿದ್ದನ್ನು ತನ್ನೊಳಗಿನ ಸಣ್ಣ ಕಣಿವೆಗೆ ಇಲ್ಲ ಎನ್ನುವುದು ಅದಕ್ಕೆ ಸುಲಭವಿರಲಿಲ್ಲ. ಅರಾನೀಸ್‌ಗೆ ಬಾಗಿಲು ತೆರೆದದ್ದು ಇಲ್ಲಿ. 1983ರಲ್ಲಿ ಬರವಣಿಗೆಯ ನಿಯಮಗಳಿಗೆ ಒಪ್ಪಿಗೆ, 1984ರಿಂದ ಶಾಲೆಗಳಲ್ಲಿ ಪಾಠ, 1990ರ ಕಾನೂನಿನ ಮೂಲಕ 'ಕುನ್ಸೆಲ್ ಜೆನೆರೌ' ಎಂಬ ಹಳೆಯ ಸಭೆಯ ಮರುಸ್ಥಾಪನೆ. 2006ರ ಹೊಸ ಸ್ವಾಯತ್ತತಾ ಶಾಸನ ಆಕ್ಸಿಟನ್ ಅನ್ನು ಇಡೀ ಕ್ಯಾಟಲೋನಿಯಾದಲ್ಲಿ ಅಧಿಕೃತಗೊಳಿಸಿತು, 2010ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನು ಬಂತು.

ಹಾಗಾದರೆ ಅರಾನೀಸ್ ಸುರಕ್ಷಿತವೇ?

ಇಲ್ಲ. ಯುನೆಸ್ಕೋ ಭೂಪಟದಲ್ಲಿ ಗ್ಯಾಸ್ಕನ್ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. ಫ್ರಾನ್ಸ್‌ನ ಎರಡು ಪ್ರಾಂತ್ಯಗಳು ಮತ್ತು ಅರಾನ್ ಸೇರಿಸಿ 2020ರಲ್ಲಿ ನಡೆದ ಸಮೀಕ್ಷೆಯಲ್ಲಿ ಆಕ್ಸಿಟನ್ ಮಾತಾಡಬಲ್ಲವರು ಶೇ. 7ರಷ್ಟು, ಅವರ ಸರಾಸರಿ ವಯಸ್ಸು 66.

ಅರಾನ್‌ನ ಲೆಕ್ಕ ಬೇರೆ ತರಹದ್ದು. ಅಲ್ಲಿ ಬಹುತೇಕರಿಗೆ ಅರಾನೀಸ್ ಅರ್ಥವಾಗುತ್ತದೆ, ಶಾಲೆಯ ಮೊದಲ ವರ್ಷಗಳಲ್ಲಿ ಅದೇ ಕಲಿಕೆಯ ಮಾಧ್ಯಮ, ರಸ್ತೆಯ ಫಲಕಗಳಲ್ಲೂ ಅದೇ. ಆದರೆ ಅದನ್ನು ಮನೆಮಾತಾಗಿ ಕಲಿತವರು 2010ರ ದಶಕದ ಸಮೀಕ್ಷೆಗಳಲ್ಲಿ ಸುಮಾರು ಐದರಲ್ಲಿ ಒಬ್ಬರು. 1964ರಲ್ಲಿ ಶುರುವಾದ ಬಾಕೇರಾ ಬೆರೆಟ್ ಸ್ಕೀ ತಾಣ ಕಣಿವೆಯ ಬಡತನ ನೀಗಿಸಿತು. ಹೋಟೆಲ್, ಕಟ್ಟಡ ಕೆಲಸಕ್ಕೆ ಸ್ಪೇನ್‌ನ ಇತರ ಭಾಗಗಳಿಂದ, ಲ್ಯಾಟಿನ್ ಅಮೆರಿಕದಿಂದ, ಪೂರ್ವ ಯೂರೋಪಿನಿಂದ ಜನ ಬಂದರು. ಇವರೆಲ್ಲ ಸೇರಿದಾಗ ನಡುವಿನ ಮಾತು ಸ್ಪ್ಯಾನಿಷ್. ಮಕ್ಕಳು ತರಗತಿಯಲ್ಲಿ ಅರಾನೀಸ್ ಓದಿ, ಆಟದ ಬಯಲಿನಲ್ಲಿ ಸ್ಪ್ಯಾನಿಷ್‌ಗೆ ಹೊರಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳು ಆಡುವಾಗ ಕಿವಿಗೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿಗೂ ಮಿತಿಯಿದೆ. 2010ರ ಕಾನೂನು ಕಣಿವೆಯ ಆಡಳಿತದಲ್ಲಿ ಅರಾನೀಸ್‌ಗೆ ಮೊದಲ ಆದ್ಯತೆ ಕೊಟ್ಟಿತ್ತು. ಸ್ಪ್ಯಾನಿಷ್‌ಗಿಂತ ಹೆಚ್ಚಿನ ಸ್ಥಾನ ಕೊಡುವಂತಿಲ್ಲ ಎಂದು ಸ್ಪೇನ್‌ನ ಸಂವಿಧಾನ ನ್ಯಾಯಾಲಯ 2018ರಲ್ಲಿ ಆ ಆದ್ಯತೆಯನ್ನು ತೆಗೆದುಹಾಕಿತು. ಅಧಿಕೃತ ಸ್ಥಾನ ಹಾಗೆಯೇ ಇದೆ. ಕಣಿವೆಯವರು ಸರ್ಕಾರಿ ಅರ್ಜಿಯನ್ನು ಅರಾನೀಸ್‌ನಲ್ಲಿ ಬರೆಯಬಹುದು, ಅದೇ ಭಾಷೆಯಲ್ಲಿ ಉತ್ತರ ಕೇಳಬಹುದು. ಅದೇ ಗರೋನ್ ನದಿಯ ಜೊತೆ ಕೆಲವೇ ಕಿಲೋಮೀಟರ್ ಕೆಳಗಿಳಿದು ಫ್ರಾನ್ಸ್ ಹೊಕ್ಕರೆ ಆ ಹಕ್ಕು ಇಲ್ಲ.