ಹೈಟಿಯ ಕ್ರಾಂತಿ ಮತ್ತು ಕಪ್ಪ

18ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಜನರು ಸೇವಿಸುತ್ತಿದ್ದ ಸಕ್ಕರೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲನ್ನೂ, ಕಾಫಿಯಲ್ಲಿ ಅರ್ಧಕ್ಕೆ ಮಿಗಿಲಾದುದನ್ನೂ ಬೆಳೆದು ಕಳುಹಿಸುತ್ತಿದ್ದುದು ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮ ಭಾಗವೊಂದೇ. 1697ರ ರಿಸ್ವಿಕ್ ಒಪ್ಪಂದದಿಂದ ಸ್ಪೇನಿನ ಕೈತಪ್ಪಿ ಫ್ರಾನ್ಸಿಗೆ ದಕ್ಕಿದ ಈ ನೆಲವನ್ನು ಫ್ರೆಂಚರು ಸಾಂ-ದೊಮಿಂಗ್ ಎಂದು ಕರೆದರು. ಇಂದು ಅದು ಹೈಟಿ. ಅಲ್ಲಿನ ದಾಸರು ತಮ್ಮ ಬಾಹುಬಲದಿಂದಲೇ ಸಂಕೋಲೆಯನ್ನು ಹರಿದು ಸ್ವತಂತ್ರ ರಾಷ್ಟ್ರವೊಂದನ್ನು ಸ್ಥಾಪಿಸಿದ ವೃತ್ತಾಂತವು ಮಾನವೇತಿಹಾಸದ ಮಹೋನ್ನತ ಅಧ್ಯಾಯಗಳಲ್ಲಿ ಒಂದು. ಆ ರಾಷ್ಟ್ರವನ್ನು ಲೋಕದ ಬಲಾಢ್ಯರು ನಡೆಸಿಕೊಂಡ ರೀತಿಯಾದರೋ ಅದೇ ಇತಿಹಾಸದ ಹೀನಾಯ ಅಧ್ಯಾಯಗಳಲ್ಲಿ ಒಂದು. ಎರಡನ್ನೂ ಜೊತೆಯಲ್ಲಿಟ್ಟು ಓದಿದಲ್ಲದೆ ಹೈಟಿಯ ಇಂದಿನ ದಾರಿದ್ರ್ಯಕ್ಕೆ ಕಾರಣವೇನೆಂಬುದು ತಿಳಿಯಲಾರದು.

ಫ್ರಾನ್ಸಿನಲ್ಲಿ 1789ರ ಕ್ರಾಂತಿ ಮೊದಲಾಗುವ ವೇಳೆಗೆ ವಸಾಹತಿನಲ್ಲಿ ಸುಮಾರು 5 ಲಕ್ಷ ದಾಸರೂ, 30,000ದಷ್ಟು ಬಿಳಿಯರೂ, ಅವರಿಗಿಂತ ತುಸುವೇ ಕಡಮೆ ಸಂಖ್ಯೆಯ ಸ್ವತಂತ್ರ ವರ್ಣೀಯರೂ (ಎಂದರೆ ದಾಸರಲ್ಲದ ಮಿಶ್ರವರ್ಣದವರೂ ಕರಿಯರೂ) ಇದ್ದರು. 14ನೆಯ ಲೂಯಿ 1685ರಲ್ಲಿ ಹೊರಡಿಸಿದ ಕರಿಯರ ಸಂಹಿತೆಯು ದಾಸನನ್ನು ಚರಸ್ವತ್ತೆಂದು ಎಣಿಸಿ, ಎರಡನೆಯ ಸಲ ಓಡಿಹೋದವನ ಮೊಣಕಾಲಿನ ನರವನ್ನು ಕತ್ತರಿಸಲೂ, ಮೂರನೆಯ ಸಲ ಓಡಿಹೋದವನನ್ನು ಕೊಲ್ಲಲೂ ವಿಧಿಸಿದ್ದಿತು. ಕಬ್ಬಿನ ಗದ್ದೆಯಲ್ಲಿಯೂ, ಹಗಲಿರುಳೆನ್ನದೆ ಕುದಿಯುವ ಕೊಪ್ಪರಿಗೆಗಳ ಮುಂದೆಯೂ ದುಡಿದು ಜನರು ಎಷ್ಟು ಬೇಗ ಸಾಯುತ್ತಿದ್ದರೆಂದರೆ, ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾಗಿ, ಆ ಕೊರತೆಯನ್ನು ತುಂಬಲು ಆಫ್ರಿಕದಿಂದ ವರ್ಷವರ್ಷವೂ ಹಡಗುಗಳು ಬರಬೇಕಾಗಿದ್ದಿತು. ಫ್ರಾನ್ಸಿನಲ್ಲಿ ಮಾನವಹಕ್ಕುಗಳ ಘೋಷಣೆಯಾದ ಬಳಿಕವೂ, ಸ್ವತಂತ್ರ ವರ್ಣೀಯರಿಗೆ ಸಮಾನತೆಯನ್ನು ಕೇಳಿ ದಂಗೆಯೆದ್ದ ವ್ಹಿನ್ಸೆಂಟ್ ಓಜೇ ಎಂಬವನನ್ನು 1791ರಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು.

ಅದೇ ವರ್ಷದ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ದಾಸರು, ಬುಕ್‌ಮನ್ ಮೊದಲಾದ ನಾಯಕರ ಮುಂದಾಳ್ತನದಲ್ಲಿ ಏಕಕಾಲಕ್ಕೆ ಎದ್ದು, ಕೆಲವೇ ವಾರಗಳಲ್ಲಿ ನೂರಾರು ತೋಟಗಳನ್ನು ಸುಟ್ಟು ಬೂದಿಮಾಡಿದರು. ಪ್ಯಾರಿಸ್ಸಿನಿಂದ ಬಂದ ಅಧಿಕಾರಿ ಸೊಂತೊನಾಕ್ಸನು 1793ರ ಆಗಸ್ಟ್ 29ರಂದು ಉತ್ತರ ಪ್ರಾಂತದಲ್ಲಿ ದಾಸ್ಯವು ರದ್ದಾಯಿತೆಂದು ಸಾರಿದನು. 1794ರ ಫೆಬ್ರವರಿ 4ರಂದು ಫ್ರಾನ್ಸಿನ ರಾಷ್ಟ್ರೀಯ ಕನ್ವೆನ್ಷನ್ ಸಭೆಯೂ ಅದನ್ನು ಎಲ್ಲ ವಸಾಹತುಗಳಿಗೆ ಅನ್ವಯಿಸಿತು. ಈ ವಿಮೋಚನೆ ಪ್ಯಾರಿಸ್ಸಿನ ಔದಾರ್ಯದ ಫಲವೆಂದು ಬಗೆಯುವವರು, ಅದಕ್ಕೆ ಮುನ್ನ ಎರಡು ವರ್ಷಗಳ ಕಾಲ ದಾಸರ ಸೇನೆಗಳು ರಣರಂಗದಲ್ಲಿದ್ದುವೆಂಬುದನ್ನು ಮರೆಯಬಾರದು.

ಈ ಸೇನೆಗಳ ನಡುವಿನಿಂದ ಮೇಲೆದ್ದು ಬಂದವನೇ ಟೂಸೇನ್ ಲೂವರ್ತೂರ್. ಬ್ರೇದಾ ತೋಟದಲ್ಲಿ ದಾಸನಾಗಿ ಹುಟ್ಟಿ, ಸಾರೋಟು ನಡೆಸುತ್ತಿದ್ದು, ಕ್ರಾಂತಿಗೆ ಹಲವು ವರ್ಷ ಮೊದಲೇ ಬಿಡುಗಡೆ ಹೊಂದಿದ್ದ ಈತನು ಸೇನಾನಿಯಾಗಿ ಎಷ್ಟು ದೊಡ್ಡವನೋ ರಾಜನೀತಿಜ್ಞನಾಗಿ ಅದಕ್ಕಿಂತ ದೊಡ್ಡವನು. ಮೊದಲು, ಫ್ರಾನ್ಸಿನೊಡನೆ ಯುದ್ಧದಲ್ಲಿದ್ದ ಸ್ಪೇನಿನ ಪಕ್ಷದಲ್ಲಿ ನಿಂತು ಕಾದಿದವನು, ದಾಸ್ಯವಿಮೋಚನೆಯ ವಿಷಯದಲ್ಲಿ ಸ್ಪೇನಿನಿಂದ ಏನನ್ನೂ ನಿರೀಕ್ಷಿಸಲಾಗದೆಂದು ಕಂಡು 1794ರಲ್ಲಿ ಫ್ರಾನ್ಸಿನ ಕಡೆಗೆ ಬಂದನು. ಅದೇ ಯುದ್ಧದಲ್ಲಿ ಫ್ರಾನ್ಸಿನ ವಿರುದ್ಧ ಬಂದು ಐದು ವರ್ಷ ಕರಾವಳಿಯಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷರನ್ನು ಬಳಲಿಸಿ, 1798ರಲ್ಲಿ ಅವರ ಸೇನಾಪತಿ ಮೈಟ್ಲೆಂಡನೊಡನೆ ತಾನೇ ಸಂಧಿ ಮಾಡಿಕೊಂಡು ಅವರನ್ನು ಹಡಗು ಹತ್ತಿಸಿದನು. ಫ್ರಾನ್ಸಿಗೂ ಅಮೆರಿಕಕ್ಕೂ ವೈಮನಸ್ಯ ಬೆಳೆದಿದ್ದ ಆ ದಿನಗಳಲ್ಲಿ, ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸನಿಗೆ ನೇರವಾಗಿ ಪತ್ರ ಬರೆದು, ದೂತನನ್ನು ಕಳುಹಿಸಿ, 1799ರಲ್ಲಿ ವ್ಯಾಪಾರಸಂಬಂಧವನ್ನು ಪುನಃ ತೆರೆಯಿಸಿದನು. ಹೆಸರಿಗೆ ಫ್ರಾನ್ಸಿನ ಅಧಿಕಾರಿಯಾಗಿದ್ದುಕೊಂಡೇ ಮೂರು ಮಹಾಶಕ್ತಿಗಳೊಡನೆ ಹೀಗೆ ವ್ಯವಹರಿಸಿದ ಅವನ ಚಾತುರ್ಯವನ್ನು ಆ ಕಾಲದ ಯೂರೋಪಿನ ಯಾವ ಮಂತ್ರಿಯ ಚಾತುರ್ಯಕ್ಕೂ ಹೋಲಿಸಬಹುದು.

ಆದರೆ ಅವನ ರಾಜನೀತಿಯ ಗರ್ಭದಲ್ಲಿಯೇ ಒಂದು ದಾರುಣ ಸಂಕಟ ಅಡಗಿದ್ದಿತು. ಸ್ವಾತಂತ್ರ್ಯದ ರಕ್ಷಣೆಗೆ ಸೇನೆ ಬೇಕು; ಸೇನೆಗೆ ಬಂದೂಕು, ಮದ್ದು ಬೇಕು; ಅವನ್ನು ಕೊಳ್ಳಲು ಸಕ್ಕರೆ, ಕಾಫಿ ಹೊರದೇಶಗಳಿಗೆ ಹೋಗಬೇಕು; ಅವು ಹೋಗಬೇಕಾದರೆ ಬಿಡುಗಡೆಗೊಂಡ ಜನರು ಮರಳಿ ಅದೇ ತೋಟಗಳಲ್ಲಿ ದುಡಿಯಬೇಕು. 1800ರ ಅಕ್ಟೋಬರಿನ ಆಜ್ಞೆಯಲ್ಲಿ ಟೂಸೇನನು ಕೃಷಿಕರನ್ನು ಸೈನಿಕರಂತೆಯೇ ಶಿಸ್ತಿಗೊಳಪಡಿಸಿ, ಅನುಮತಿಯಿಲ್ಲದೆ ತೋಟ ಬಿಟ್ಟು ಹೋಗದಂತೆ ಕಟ್ಟುಮಾಡಿದನು. ಅವರಿಗೆ ಬೆಳೆಯಲ್ಲಿ ಪಾಲುಂಟು, ಮೊದಲಿನ ಚಾವಟಿಯಿಲ್ಲ, ಮಾರಾಟವಿಲ್ಲ ಎಂಬುದು ನಿಜ. ಆದರೂ ಸ್ವಂತಕ್ಕೊಂದು ತುಂಡು ನೆಲವನ್ನು ಬಯಸಿದ್ದ ಜನರಿಗೆ ಇದು ಬಿಡುಗಡೆಯಾಗಿ ತೋರಲಿಲ್ಲ. 1801ರ ಶರತ್ಕಾಲದಲ್ಲಿ ಉತ್ತರದ ಕೃಷಿಕರು ದಂಗೆಯೆದ್ದಾಗ, ಅವರಿಗೆ ಒಲಿದಿದ್ದನೆಂಬ ಆರೋಪದ ಮೇಲೆ ತನ್ನ ಸೋದರಳಿಯನೆನಿಸಿದ್ದ ಸೇನಾನಿ ಮೋಯಿಸನನ್ನೇ ಗುಂಡಿಟ್ಟು ಕೊಲ್ಲಿಸಿದುದು ಆ ಮಹಾಪುರುಷನ ಚರಿತ್ರೆಯಲ್ಲಿ ಅಳಿಸಲಾಗದ ಕಲೆ. ತನ್ನ ಜನದಿಂದ ಹೀಗೆ ದೂರವಾದ ಹೊತ್ತಿನಲ್ಲಿಯೇ ಅವನ ಮೇಲೆ, ಫ್ರಾನ್ಸಿನ ಆಡಳಿತಸೂತ್ರ ಹಿಡಿದಿದ್ದ ನೆಪೋಲಿಯನ್ ಬೋನಪಾರ್ಟನ ಸೇನೆ ಬಂದೆರಗಿತು.

ಟೂಸೇನನನ್ನು ಯಾವಜ್ಜೀವ ಗವರ್ನರನನ್ನಾಗಿ ಮಾಡಿದ 1801ರ ಸಂವಿಧಾನವನ್ನು ಕಂಡು ಕೆರಳಿದ ಬೋನಪಾರ್ಟನು ತನ್ನ ಭಾವಮೈದುನ ಲಕ್ಲೇರನ ನಾಯಕತ್ವದಲ್ಲಿ ಕಳುಹಿಸಿದ ಮಹಾನೌಕಾಬಲ 1802ರ ಆರಂಭದಲ್ಲಿ ದ್ವೀಪವನ್ನು ಮುಟ್ಟಿತು. ಕೆಲ ತಿಂಗಳ ಘೋರಯುದ್ಧದ ಬಳಿಕ ಶರಣಾಗಿ ತನ್ನ ತೋಟಕ್ಕೆ ಹಿಂದಿರುಗಿದ್ದ ಟೂಸೇನನನ್ನು ಜೂನ್ ತಿಂಗಳಿನಲ್ಲಿ ಮಾತುಕತೆಗೆಂದು ಕರೆದು, ವಿಶ್ವಾಸಘಾತದಿಂದ ಸೆರೆಹಿಡಿದರು. ಜೂರಾ ಪರ್ವತಗಳ ಫೋರ್ ದ ಜೂ ಕೋಟೆಯ ಚಳಿಯಲ್ಲಿ 1803ರ ಏಪ್ರಿಲ್ 7ರಂದು ಅವನು ತೀರಿಕೊಂಡನು. ಅಷ್ಟರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ದಾಸ್ಯವನ್ನು ಮರಳಿ ತಂದರೆಂಬ ಸುದ್ದಿ ಹಬ್ಬಿ, ಲಕ್ಲೇರನ ಪಕ್ಷ ಸೇರಿದ್ದ ಕರಿಯ ಸೇನಾನಿಗಳೂ, ವರ್ಣೀಯ ಸೇನಾನಿಗಳೂ ಒಂದಾಗಿ ತಿರುಗಿಬಿದ್ದರು. ಹಳದಿ ಜ್ವರವು ಲಕ್ಲೇರನನ್ನೂ ಅವನ ಸಹಸ್ರಾರು ಸೈನಿಕರನ್ನೂ ನುಂಗಿತು. 1803ರ ನವೆಂಬರ್ 18ರಂದು ವೆರ್ತಿಯೇರ್ ಕದನದಲ್ಲಿ ಈ ಸೇನಾನಿಗಳ ನಾಯಕ ದೆಸ್ಸಲೀನನು ಉಳಿದ ಫ್ರೆಂಚರನ್ನು ಮುರಿದು, 1804ರ ಜನವರಿ 1ರಂದು ಗೊನಾಯೀವ್ ಪಟ್ಟಣದಲ್ಲಿ ಹೈಟಿಯ ಸ್ವಾತಂತ್ರ್ಯವನ್ನು ಸಾರಿದನು.

ಆ ವರ್ಷವೇ ದೆಸ್ಸಲೀನನ ಆಜ್ಞೆಯಂತೆ, ಉಳಿದಿದ್ದ ಫ್ರೆಂಚರಲ್ಲಿ ಸಹಸ್ರಾರು ಜನರು, ಹೆಂಗಸರು ಮಕ್ಕಳೆನ್ನದೆ, ಹತರಾದರು. ದಾಸ್ಯದ ಕ್ರೌರ್ಯವು ಈ ಹತ್ಯೆಯ ಮೂಲವನ್ನು ತೋರಿಸಬಲ್ಲುದೇ ಹೊರತು ಅದನ್ನು ಸಮರ್ಥಿಸಲಾರದು. ಹೈಟಿಯನ್ನು ದೂರವಿಡಲು ಪರರಾಷ್ಟ್ರಗಳಿಗೆ ಇದೊಂದು ನೆಪವಾಯಿತು. ನಿಜವಾದ ಭಯವಿದ್ದುದು ತಮ್ಮ ತಮ್ಮ ದಾಸರ ಕಿವಿಗೆ ಹೈಟಿಯ ಹೆಸರು ಬಿದ್ದೀತೆಂಬುದರಲ್ಲಿ. ಜೆಫರ್ಸನನ ಅಮೆರಿಕವು 1806ರಲ್ಲಿ ವ್ಯಾಪಾರವನ್ನೇ ನಿಷೇಧಿಸಿತು. ಹೈಟಿಯನ್ನು ರಾಷ್ಟ್ರವೆಂದು ಮನ್ನಿಸಲು ಅದಕ್ಕೆ 1862ರವರೆಗೆ, ಲಿಂಕನನ ಕಾಲದವರೆಗೆ ಮನಸ್ಸು ಬರಲಿಲ್ಲ. ಸ್ಪೇನಿನ ವಿರುದ್ಧ ಹೋರಾಡಿ ಸೋತು ನಿರ್ಗತಿಕನಾಗಿ ಬಂದ ದಕ್ಷಿಣ ಅಮೆರಿಕದ ನಾಯಕ ಸಿಮೋನ್ ಬೊಲಿವಾರನಿಗೆ 1816ರಲ್ಲಿ ಹೈಟಿಯ ಅಧ್ಯಕ್ಷ ಪೆತಿಯೋನನು ಆಯುಧ, ಹಡಗು, ಆಹಾರಗಳನ್ನು ಕೊಟ್ಟು, ಪ್ರತಿಫಲವಾಗಿ ಬೇಡಿದುದು ಅವನು ಬಿಡಿಸುವ ನಾಡುಗಳಲ್ಲಿ ದಾಸರನ್ನೂ ಬಿಡಿಸಬೇಕೆಂಬುದನ್ನು ಮಾತ್ರ. ಆದರೂ ಹತ್ತು ವರ್ಷದ ಮೇಲೆ, 1826ರಲ್ಲಿ, ಅಮೆರಿಕ ಖಂಡದ ಹೊಸ ರಾಷ್ಟ್ರಗಳು ಪನಾಮದಲ್ಲಿ ಸಮ್ಮೇಳನ ಸೇರಿದಾಗ ಹೈಟಿಗೆ ಆಹ್ವಾನವಿರಲಿಲ್ಲ.

ಈ ಒಂಟಿತನದ ಪರಿಣಾಮವನ್ನು 1825 ತೋರಿಸಿತು. ಫ್ರಾನ್ಸಿನ ದೊರೆ 10ನೆಯ ಚಾರ್ಲ್ಸನು 14 ಯುದ್ಧನೌಕೆಗಳ ಬೆಂಬಲದೊಡನೆ ಕಳುಹಿಸಿದ ರಾಜಾಜ್ಞೆಯು, ಹಳೆಯ ತೋಟದೊಡೆಯರ ನಷ್ಟಕ್ಕೆಂದು ಹೈಟಿಯು ಐದು ಕಂತುಗಳಲ್ಲಿ 15 ಕೋಟಿ ಫ್ರಾಂಕುಗಳನ್ನು ತೆತ್ತರೆ ಅದರ ಸ್ವಾತಂತ್ರ್ಯವನ್ನು ಮನ್ನಿಸುವುದಾಗಿ ಹೇಳಿತು. ವಿಶಾಲವಾದ ಲೂಸಿಯಾನ ಪ್ರಾಂತವನ್ನೆಲ್ಲ ಬೋನಪಾರ್ಟನು 1803ರಲ್ಲಿ ಅಮೆರಿಕಕ್ಕೆ ಮಾರಿದ್ದುದು ಸುಮಾರು 8 ಕೋಟಿ ಫ್ರಾಂಕುಗಳಿಗೆ ಎಂಬುದನ್ನು ನೆನೆದರೆ ಈ ಬೇಡಿಕೆಯ ಘೋರತೆ ತಿಳಿದೀತು. ಹೈಟಿಯ ಅಧ್ಯಕ್ಷ ಬ್ವಾಯೆಯು ಒಪ್ಪಿದನು. ಮೊದಲನೆಯ ಕಂತಿಗೇ ಪ್ಯಾರಿಸ್ಸಿನಲ್ಲಿ 3 ಕೋಟಿಯ ಸಾಲವೆತ್ತಬೇಕಾಯಿತು. ಅದರಲ್ಲಿಯೂ ಸಾಹುಕಾರರು ಮುರಿದುಕೊಂಡು ಕೈಗಿತ್ತುದು 2 ಕೋಟಿ 40 ಲಕ್ಷ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಸಾಲಕ್ಕೆ ಸಾಲ ಸೇರುತ್ತ ಹೋಗಿ, ಬೊಕ್ಕಸಕ್ಕೆ ಬಂದ ಕಾಫಿಯ ಸುಂಕದ ಬಹುಭಾಗ ಹೊರನಾಡಿಗೆ ಹರಿಯಿತು. ಅಮೆರಿಕದ ಸೇನೆ 1915ರಿಂದ 1934ರವರೆಗೆ ದೇಶವನ್ನೇ ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಹಳೆಯ ಸಾಲಗಳು ನ್ಯೂಯಾರ್ಕಿನ ಬ್ಯಾಂಕಿಗೆ ವರ್ಗವಾದುವು. ಅವುಗಳ ಕೊನೆಯ ಕಂತು ತೀರಿದುದು 1947ರಲ್ಲಿ.

ಹೈಟಿಯ ನಾಯಕರು ತಪ್ಪು ಮಾಡಲಿಲ್ಲವೆಂದು ಯಾರೂ ಹೇಳಲಾರರು. ಟೂಸೇನನ ಕಾಠಿನ್ಯ, ದೆಸ್ಸಲೀನನ ಪ್ರತೀಕಾರ, ಬ್ವಾಯೆಯ ಶರಣಾಗತಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ಆದರೆ ಗೆದ್ದವನೇ ಸೋತವನಿಗೆ ಕಪ್ಪ ತೆತ್ತ, ದಾಸನಾಗಿದ್ದವನೇ ಒಡೆಯನಾಗಿದ್ದವನಿಗೆ ತನ್ನ ದೇಹದ ಬೆಲೆ ಕಟ್ಟಿಕೊಟ್ಟ ಇನ್ನೊಂದು ನಿದರ್ಶನ ಇಷ್ಟು ದೊಡ್ಡ ಪ್ರಮಾಣದಲ್ಲಿ ಇತಿಹಾಸದಲ್ಲಿ ಸಿಕ್ಕದು. ರಾಜಾಜ್ಞೆಗೆ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷರು ಈ ಅನ್ಯಾಯವನ್ನು ಒಪ್ಪಿಕೊಂಡು, ಎರಡು ದೇಶಗಳ ಇತಿಹಾಸಕಾರರ ಆಯೋಗವೊಂದನ್ನು ಘೋಷಿಸಿದರು. ಹಣವನ್ನು ಹಿಂದಿರುಗಿಸುವ ಮಾತನ್ನು ಆಡಲಿಲ್ಲ. ಅನ್ಯಾಯವೆಂದು ಒಪ್ಪಿದ ಮೇಲೆ, ಅನ್ಯಾಯದಿಂದ ಪಡೆದುದನ್ನು ಮರಳಿ ಕೊಡುವುದೇ ಧರ್ಮ. ಅದು ನಡೆಯುವವರೆಗೆ ಹೈಟಿಯ ಬಡತನಕ್ಕೆ ಹೈಟಿಯವರನ್ನು ಮಾತ್ರ ಹೊಣೆಮಾಡುವ ಅಧಿಕಾರ ಯಾರಿಗೂ ಇಲ್ಲ.